ವಿದೇಶಿ ನೋಟಿನಿಂದ ಹಾಡಿನ ಕವರ್‌ವರೆಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ ಹಾಡು ಕಟ್ಟಿ ಆನ್‌ಲೈನ್‌ನಲ್ಲಿ ಬಿಡುವ ಹುಡುಗರು ಈಗ ಜಾಸ್ತಿ. ಗಲ್ಫ್‌ನಲ್ಲೋ ಹಡಗಿನಲ್ಲೋ ದುಡಿದು ಬಂದವರಿರುವ ಮನೆಗಳೂ ಜಾಸ್ತಿ. ಹಾಗಾಗಿ ಹಳೇ ವಿದೇಶಿ ನೋಟು ನೋಡಿ ತಮ್ಮ ಹಾಡಿಗೆ ಕವರ್, ಅಂದರೆ ಹಾಡಿನ ಜೊತೆ ಕಾಣುವ ಚೌಕದ ಚಿತ್ರ, ಮಾಡುವ ಆಸೆ ಇಲ್ಲಿ ಹಲವರಿಗೆ ಬರುತ್ತದೆ. ಆದರೆ ನನ್ನ ಹತ್ತಿರ ಬರುವವರ ಗೋಳು ಪ್ರತಿ ಸಲ ಅದೇ ಮೂರು. ನೋಟು ಸ್ಕ್ಯಾನ್ ಆಗುವುದಿಲ್ಲ. ಕವರ್ ಫೋನಿನಲ್ಲಿ ಬೂದು ಮುದ್ದೆಯಂತೆ ಕಾಣುತ್ತದೆ. ಚೌತಿ ಹಬ್ಬ ಬರುವಷ್ಟರಲ್ಲಿ ನೋಟಿಗೇ ಬೂಸ್ಟು ಹಿಡಿದಿರುತ್ತದೆ.

ಮೂರಕ್ಕೂ ಕಾರಣ, ಕೆಲಸದ ಕ್ರಮ ತಪ್ಪಿರುವುದು. ನೋಟು ಕೈಗೆ ಸಿಕ್ಕ ಕೂಡಲೇ ಸ್ಕ್ಯಾನ್ ಮಾಡಿ ಅಂಟಿಸಲು ಹೋಗುತ್ತಾರೆ. ನೋಟಿನಿಂದ ಗೆರೆ ಕಲಿಯಬೇಕು, ಚಿತ್ರ ನಾವೇ ಬರೆಯಬೇಕು. ಕೆಳಗಿನ ಹಂತಗಳನ್ನು ಹಿಂದು ಮುಂದು ಮಾಡಬೇಡಿ.

ಶುರು ಮಾಡುವ ಮೊದಲು ಬೇಕಾಗುವ ಸಾಮಾನು

10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು ಬೇಕೇ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಓದಲು ಬಳಸುವ ದೊಡ್ಡ ಭೂತಕನ್ನಡಿ ಸಾಲುವುದಿಲ್ಲ. ಒಂದು ಸಣ್ಣ ಟಾರ್ಚ್, ಒಂದು ನೇರಳೆ ಬೆಳಕಿನ ಯುವಿ ಟಾರ್ಚ್, ಬಟರ್ ಪೇಪರ್, ಸ್ಕೇಲು, 0.1 ಮತ್ತು 0.5 ಮಿಲಿಮೀಟರಿನ ಎರಡು ಪೆನ್ನು, ಒಂದು ನೋಟ್‌ಬುಕ್. ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶ ಹಾಕಿಕೊಳ್ಳಿ. ಅದು ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು.

ನೋಟು ಇಡಲು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ. ಇವನ್ನು ನೋಟು ಬರುವ ಮೊದಲೇ ತಂದಿಟ್ಟುಕೊಳ್ಳಿ.

ಹಂತ 1: ಹಾಡು ಮೊದಲು, ನೋಟು ಆಮೇಲೆ

ಚೆಂದದ ನೋಟು ಕಂಡು, ಅದಕ್ಕೊಂದು ಹಾಡು ಹುಡುಕಿದರೆ ಕವರ್ ಯಾವತ್ತೂ ಕೂಡಿಬರುವುದಿಲ್ಲ. ಮೊದಲು ಹಾಡನ್ನು ನಾಲ್ಕು ಸಲ ಕೇಳಿ. ಮೂರು ವಿಷಯ ಬರೆದಿಡಿ: ಹಾಡಿನಲ್ಲಿ ಕಣ್ಣಿಗೆ ಕಟ್ಟುವ ಒಂದು ವಸ್ತು ಯಾವುದು, ತಾಳ ಎಷ್ಟು ಅಕ್ಷರದ್ದು, ವಾದ್ಯಗಳು ದಟ್ಟವಾಗಿವೆಯೋ ತೆಳುವಾಗಿವೆಯೋ.

ಗೆಳೆಯನೊಬ್ಬನ ಹಾಡನ್ನೇ ಉದಾಹರಣೆಯಾಗಿ ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ದುಬೈಗೆ ಹೋದ ಅಣ್ಣನ ಬಗ್ಗೆ ಬರೆದ ಹಾಡು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟೇ: ವಸ್ತು, ಮಚವೆ (ನಮ್ಮ ಕರಾವಳಿಯ ಹಾಯಿ ಹಡಗು). ತಾಳ, ತ್ರಿವುಡೆ, 7 ಅಕ್ಷರ. ವಾದ್ಯ, ಹಾರ್ಮೋನಿಯಂ ಮತ್ತು ಮದ್ದಳೆ, ನಡುವೆ ತುಂಬಾ ಖಾಲಿ ಜಾಗ. ಆಮೇಲೆ ಹುಡುಕಿದ್ದಕ್ಕೆ ಸಿಕ್ಕಿದ್ದು ಯುಎಇಯ ಹಳೇ ಕಾಗದದ 20 ದಿರ್ಹಾಂ ನೋಟು. ಅದರ ಹಿಂಬದಿಯಲ್ಲಿ ಹಾಯಿ ಏರಿಸಿದ ಹಡಗಿದೆ. ನಮ್ಮ ಮಚವೆಯ ದಾಯಾದಿಯಂತೆ ಕಾಣುತ್ತದೆ.

ಹಾಡಿನಿಂದ ವಸ್ತುವಿಗೆ ಹೋಗುವುದು ಹೇಗೆ ಅಂತ ತಿಳಿಯಲು ಸ್ವಿಟ್ಜರ್ಲೆಂಡಿನ 1996ರ 20 ಫ್ರಾಂಕ್ ನೋಟು ನೋಡಿ. ಈಗ ಅದು ಚಲಾವಣೆಯಲ್ಲಿಲ್ಲ. ಮುಂಬದಿಯಲ್ಲಿ ಸಂಗೀತಕಾರ ಆರ್ಥರ್ ಹೋನೆಗರ್ ಇದ್ದಾರೆ. ಹಿಂಬದಿಯಲ್ಲಿ ಟ್ರಂಪೆಟ್ಟಿನ ಗುಂಡಿಗಳು, ಪಿಯಾನೋ ಕೀಲಿಗಳು, ರೈಲು ಎಂಜಿನ್ನಿನ ಚಕ್ರ. ಅವರು ರೈಲು ಎಂಜಿನ್ನಿನ ಮೇಲೆ ಒಂದು ಕೃತಿ ರಚಿಸಿದ್ದರು, ಚಕ್ರ ಬಂದದ್ದು ಅದರಿಂದ. ಮುಖಕ್ಕಿಂತ ಆ ಚಕ್ರವೇ ಸಂಗೀತವನ್ನು ಚೆನ್ನಾಗಿ ಹೇಳುತ್ತದೆ. ಫಿನ್‌ಲೆಂಡಿನ 1986ರ 100 ಮಾರ್ಕಾ ನೋಟಿನಲ್ಲೂ ಹೀಗೆಯೇ. ಒಂದು ಬದಿ ಸಂಗೀತಕಾರ ಸಿಬೇಲಿಯಸ್, ಇನ್ನೊಂದು ಬದಿ ಹಾರುವ ಹಂಸಗಳು.

ಹಂತ 2: ನೋಟು ಎಲ್ಲಿಂದ ತರಬೇಕು

ಮೊದಲು ನಿಮ್ಮ ಮನೆ, ಆಮೇಲೆ ನೆಂಟರ ಮನೆ, ಕೊನೆಗೆ ಅಂಗಡಿ. ಇದೇ ಕ್ರಮ.

ನೆಂಟರ ಮನೆಗೆ ಹೋದಾಗ ನೋಟು ಕೇಳಬೇಡಿ, ನೋಡಲು ಕೇಳಿ. ನಮ್ಮೂರಿನಲ್ಲಿ ಹಡಗಿನ ಕೆಲಸದಿಂದ ನಿವೃತ್ತರಾದ ಒಬ್ಬರಿದ್ದಾರೆ. "ಮಾವ, ಹಳೇ ನೋಟಿದ್ರೆ ಒಂದ್ ಸಲ ತೋರಿಸ್ತೀರಾ? ಇಲ್ಲೇ ಕೂತು ನೋಡಿ ಬರ್ಕೊಳ್ತೇನೆ" ಅಂದೆ. "ನೋಡು, ಬೇಕಾದಷ್ಟು ನೋಡು. ಮುಟ್ಟೂಕೆ ಮುಂಚೆ ಕೈ ತೊಳ್ಕೊಂಡು ಬಾ" ಅಂದರು. ಮೂರು ಸಂಜೆ ಅವರ ಜಗಲಿಯಲ್ಲೇ ಕೂತು ಬರೆದುಕೊಂಡೆ. ಪ್ರತಿ ನೋಟಿನ ಜೊತೆ ಒಂದು ಬಂದರಿನ ಕಥೆಯೂ ಸಿಕ್ಕಿತು. ನಿಮಗೆ ಬೇಕಿರುವುದು ಗೆರೆ. ಅದಕ್ಕೆ ನೋಟು ನಿಮ್ಮದೇ ಆಗಿರಬೇಕಿಲ್ಲ.

ಹೀಗೆ ನೋಡುವಾಗ ಒಂದು ವಿಷಯ ಗಮನದಲ್ಲಿರಲಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫ್ ಪ್ರದೇಶಕ್ಕಾಗಿಯೇ ಬೇರೆ ಬಣ್ಣದ ರೂಪಾಯಿ ನೋಟು ಹೊರಡಿಸಿತ್ತು. ಅವುಗಳ ಸಂಖ್ಯೆ ಝಡ್ ಅಕ್ಷರದಿಂದ ಶುರುವಾಗುತ್ತದೆ. ಭಟ್ಕಳ, ಹೊನ್ನಾವರದ ಹಳೇ ಟ್ರಂಕಿನಲ್ಲಿ ಅಂಥದ್ದು ಕಂಡರೆ, ಅದಕ್ಕೆ ಒಳ್ಳೆ ಬೆಲೆ ಇದೆ ಅಂತ ಮನೆಯವರಿಗೆ ಹೇಳಿ. ಗೋವಾ ಗಡಿಯ ಮಾಜಾಳಿ ಆಚೆಗೆ ಸಂಬಂಧ ಇರುವ ಕಾರವಾರದ ಮನೆಗಳಲ್ಲಿ ಪೋರ್ಚುಗೀಸ್ ಕಾಲದ ಗೋವಾ ನೋಟು ಸಿಗಬಹುದು. ಅದಕ್ಕೂ ಇದೇ ಮಾತು. ಬೆಲೆ ಗೊತ್ತಿಲ್ಲದವರಿಂದ 50 ರೂಪಾಯಿಗೆ ಇಸ್ಕೊಂಡು ಬರುವುದು ಸರಿಯಲ್ಲ.

ಕೊಳ್ಳುವುದೇ ಆದರೆ, ಚಲಾವಣೆಯಲ್ಲಿರುವ ನೋಟಿಗೆ ಪರವಾನಗಿ ಇರುವ ಹಣ ವಿನಿಮಯದವರ ಹತ್ತಿರ ಹೋಗಿ. ಚಲಾವಣೆ ನಿಂತ ನೋಟಿಗೆ ನಾಣ್ಯ, ನೋಟು ಮಾರುವ ಹವ್ಯಾಸಿ ಅಂಗಡಿಗೆ ಹೋಗಿ, ರಸೀದಿ ತೆಗೆದುಕೊಳ್ಳಿ. ಗೋಕರ್ಣದ ಬೀದಿಯಲ್ಲಿ ಪ್ರವಾಸಿಗರಿಗೆ ರೂಪಾಯಿ ಕೊಟ್ಟು ಯೂರೋ ಕೊಳ್ಳಬೇಡಿ. ವಿದೇಶಿ ಹಣ ವಿನಿಮಯ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದವರಿಗೆ ಮಾತ್ರ. ಪ್ರವಾಸಿಗರು ಪ್ರೀತಿಯಿಂದ ಉಡುಗೊರೆ ಕೊಟ್ಟರೆ ಅದು ಬೇರೆ. ಸರಿಯಾದ ದಾರಿಯಲ್ಲಿ ಬಂದ ವಿದೇಶಿ ನೋಟನ್ನು ಒಟ್ಟು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ನಾವು ಇಟ್ಟುಕೊಳ್ಳಬಹುದು. ನಾಣ್ಯಕ್ಕೆ ಮಿತಿ ಇಲ್ಲ.

ಸಂಗೀತದ ನೋಟೇ ಬೇಕು ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಶ್ರೀಲಂಕಾದ 2010ರ ಸರಣಿಯಲ್ಲಿ ಪ್ರತಿ ನೋಟಿನ ಹಿಂಬದಿಯಲ್ಲೂ ಒಬ್ಬ ನರ್ತಕ, ಒಬ್ಬ ಡೋಲು ಬಾರಿಸುವವ. ಅಜರ್‌ಬೈಜಾನಿನ 2006ರ 1 ಮನಾತ್ ನೋಟಿನಲ್ಲಿ ತಾರ್, ಕಮಾಂಚೆ, ದಫ್ ವಾದ್ಯಗಳಿವೆ. ಎರಡೂ ಕಡಿಮೆ ಬೆಲೆಗೆ ಸಿಗುತ್ತವೆ.

ಹಂತ 3: ದುಡ್ಡು ಕೊಡುವ ಮೊದಲು ಪರೀಕ್ಷೆ

ಯುವಿ ಟಾರ್ಚ್ ಬಿಡಿ. ನೋಟಿನ ಹತ್ತಿ ಕಾಗದ ಮಂಕಾಗಿಯೇ ಇರಬೇಕು, ಅಲ್ಲಲ್ಲಿ ಎಳೆಗಳು ಮಾತ್ರ ಹೊಳೆಯಬೇಕು. ಇಡೀ ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದು ಸಾಮಾನ್ಯ ಕಾಗದ. ಪ್ಯಾಂಟಿನ ಜೇಬಿನಲ್ಲಿ ಸೋಪಿನ ಪುಡಿಗೆ ಸಿಕ್ಕಿ ಬಂದ ಅಸಲಿ ನೋಟೂ ಹೀಗೆ ಹೊಳೆಯುತ್ತದೆ, ಆದ್ದರಿಂದ ಲೂಪ್ ಹಿಡಿದು ಗೆರೆಯನ್ನೂ ನೋಡಿ. ಅಸಲಿಯಲ್ಲಿ ಗೆರೆ ಒಂದೇ ಎಳೆಯಾಗಿ ಓಡುತ್ತದೆ. ನಕಲಿಯಲ್ಲಿ ಬಣ್ಣದ ಚುಕ್ಕಿಗಳು ಕಾಣುತ್ತವೆ.

ಜಿಂಬಾಬ್ವೆಯ 100 ಟ್ರಿಲಿಯನ್ ಡಾಲರ್ ನೋಟಿನಲ್ಲಿ ನಕಲು ವಿಪರೀತ. ಬಂಗಾರದ ಬಣ್ಣದ ಹಾಳೆಯ ಮೇಲೆ ಅಚ್ಚಾದದ್ದೆಲ್ಲ ಆಟಿಕೆ. ಅದರಲ್ಲಿ ಕಲಿಯುವಂಥ ಗೆರೆ ಇರುವುದಿಲ್ಲ.

ಹಂತ 4: ಮಳೆಗಾಲದಿಂದ ಕಾಪಾಡುವುದು

ಒಣ ಊರಿನವರು ಬರೆದ ಸಲಹೆಗಳು ನಮಗೆ ಸಾಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಯೇ ಬೆವರುತ್ತದೆ, ಅಲ್ವಾ? ಸಾಮಾನ್ಯ ಫೋಟೋ ಆಲ್ಬಮ್ಮಿನ ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ ನಾನು 11 ನೋಟು ಇಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದಾಗ ಪ್ಲಾಸ್ಟಿಕ್ಕು ಅಂಟಂಟಾಗಿತ್ತು. ಎಳೆದರೆ ಒಂದು ನೋಟಿನ ಶಾಯಿ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂತು, ಹಾಯಿಯ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅದು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಹಾಕುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಗೆ ಬರುತ್ತದೆ. ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಆ ಕವರ್ ಬೇಡ.

ಮಾಡಬೇಕಾದದ್ದು ಹೀಗೆ. ಮೇ ತಿಂಗಳಲ್ಲಿ ಮಳೆ ಶುರುವಾಗುವ ಮೊದಲು ನೋಟುಗಳನ್ನು ನೆರಳಿನಲ್ಲಿ ಅರ್ಧ ದಿನ ಗಾಳಿಗೆ ಬಿಡಿ, ಬಿಸಿಲಿಗೆ ಬೇಡ. ಒಂದು ಕವರಿಗೆ ಒಂದೇ ನೋಟು. ಕವರ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತನ್ನಿ. ನೀಲಿ ಇದ್ದದ್ದು ಗುಲಾಬಿ ಆದರೆ ನೀರು ಕುಡಿದಿದೆ ಅಂತ ಅರ್ಥ. ಆಗ ಹೊರಗೆ ತೆಗೆದು ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಿ. ಜೆಲ್ ನೋಟಿಗೆ ತಾಗಬಾರದು. ಡಬ್ಬಿಯನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮಳೆಗಾಲದಲ್ಲಿ ಡಬ್ಬಿಯನ್ನು ಪದೇ ಪದೇ ತೆರೆಯಲೂ ಬೇಡಿ. ಜೆಲ್ ನೋಡಲು 15 ದಿನಕ್ಕೊಮ್ಮೆ ತೆರೆದರೆ ಸಾಕು.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಹಿರಿಯರು ಅಲ್ಲಿಡಲು ಹೇಳುತ್ತಾರೆ. ಹುಣಸೆಹಣ್ಣಿಗೆ ಅದು ಸರಿ, ನೋಟಿಗೆ ಬೇಡ. ಹೊಗೆ ಹಿಡಿಯುತ್ತದೆ. ಮೇಜಿನ ಗಾಜಿನ ಅಡಿ ಇಡುವುದೂ ಬೇಡ. ತೇವಕ್ಕೆ ಗಾಜಿಗೆ ಕಚ್ಚಿಕೊಂಡ ನೋಟು ಹರಿಯದೆ ಬರುವುದಿಲ್ಲ. ಲ್ಯಾಮಿನೇಷನ್, ಸೆಲೋಟೇಪು, ಸ್ಟೇಪ್ಲರ್ ಪಿನ್ನು, ಇಸ್ತ್ರಿ, ಯಾವುದೂ ಬೇಡ. ಆಸ್ಟ್ರೇಲಿಯಾದಂಥ ದೇಶಗಳ ಪಾಲಿಮರ್ ನೋಟಿಗೆ ಇಸ್ತ್ರಿ ತಾಗಿದರೆ ಹಪ್ಪಳದಂತೆ ಮುದುಡುತ್ತದೆ.

ಎಚ್ಚರಿಕೆಯ ಚಿಹ್ನೆಗಳು: ಕವರಿನ ಒಳಗೆ ಮಂಜು, ಮಣ್ಣಿನ ವಾಸನೆ, ಕಂದು ಚುಕ್ಕಿ, ಮೂಲೆಯಲ್ಲಿ ಬಿಳಿ ಹುಡಿ. ಇವುಗಳಲ್ಲಿ ಒಂದು ಕಂಡರೂ ಆ ನೋಟನ್ನು ಉಳಿದವುಗಳಿಂದ ಅವತ್ತೇ ಬೇರೆ ಮಾಡಿ.

ಹಂತ 5: ನೋಟನ್ನು ಓದುವುದು

ಜಾಸ್ತಿ ಜನ ಬಿಡುವ ಹಂತ ಇದು. ಒಂದು ನೋಟಿಗೆ ಕಡಿಮೆ ಎಂದರೆ ಒಂದು ಗಂಟೆ ಕೊಡಿ. ನಾಲ್ಕು ಸುತ್ತು ನೋಡಬೇಕು.

ಮೊದಲ ಸುತ್ತು ಬರಿಗಣ್ಣು. ತೋಳಿನಷ್ಟು ದೂರ ಹಿಡಿದು ಕಣ್ಣು ಅರ್ಧ ಮುಚ್ಚಿ. ಎಲ್ಲಿ ಕಪ್ಪು ಜಾಸ್ತಿ, ಎಲ್ಲಿ ಖಾಲಿ? ಅದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಮೂರು ಛಾಯೆಯಲ್ಲಿ ತುಂಬಿ. ಹೆಬ್ಬೆರಳಿನಷ್ಟು ಚಿತ್ರ ಸಾಕು.

ಎರಡನೇ ಸುತ್ತು ಓರೆ ಬೆಳಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿಗೆ ತಾಗಿಸಿ ಪಕ್ಕದಿಂದ ಬಿಡಿ. ಕೆಲವು ಗೆರೆ ಎದ್ದು ನಿಂತು ನೆರಳು ಬೀಳಿಸುತ್ತವೆ. ಲೋಹದ ಹಲಗೆಯಲ್ಲಿ ಕೊರೆದು, ಭಾರೀ ಒತ್ತಡದಲ್ಲಿ ಒತ್ತಿದ ಗೆರೆಗಳು ಅವು. ಬೆರಳಿಗೂ ತಾಗುತ್ತವೆ. ಚಪ್ಪಟೆಯಾಗಿ ಉಳಿದದ್ದು ಹಿನ್ನೆಲೆ. ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು ಅಂತ ನೋಟು ತೀರ್ಮಾನ ಮಾಡಿರುವುದು ಹೀಗೆ. ನಿಮ್ಮ ಕವರಿಗೂ ಇದೇ ತೀರ್ಮಾನ ಬೇಕು.

ಮೂರನೇ ಸುತ್ತು ಲೂಪ್. ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ನೋಟನ್ನು ಹತ್ತಿರ ತನ್ನಿ. ಲೂಪ್ ದೂರ ಹಿಡಿದು ಬಗ್ಗಿ ನೋಡಿದರೆ ತಲೆನೋವು ಬರುತ್ತದೆಯೇ ಹೊರತು ಗೆರೆ ಕಾಣುವುದಿಲ್ಲ. 20 ದಿರ್ಹಾಂ ನೋಟಿನ ಹಾಯಿಯನ್ನು ನಾನು ಹೀಗೆ ನೋಡಿದಾಗ ಮೊದಲು ತಿಳಿದದ್ದು, ಹಾಯಿಯ ಬಿಳುಪಿಗೆ ಬಣ್ಣವೇ ಇಲ್ಲ. ಗೆರೆ ಎಳೆಯದೆ ಬಿಟ್ಟ ಕಾಗದವೇ ಹಾಯಿ. ನೆರಳು ಬೇಕಾದ ಕಡೆ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಶಾಯಿಯ ಬಣ್ಣ ಬದಲಾಗಿರುವುದಿಲ್ಲ. ಒಂದು ಅಂಗುಲ ಜಾಗದ ಗೆರೆ ಎಣಿಸಿ ಬರೆದಿಡಿ.

ನಾಲ್ಕನೆಯದು ಹಿಂದಿನಿಂದ ಬೆಳಕು. ನೀರಚ್ಚು, ಅಂದರೆ ವಾಟರ್‌ಮಾರ್ಕ್, ಕಾಣುತ್ತದೆ. ಎರಡೂ ಬದಿಯ ಅರ್ಧರ್ಧ ಗುರುತು ಸೇರಿ ಒಂದಾಗುವುದು ಕೆಲವು ನೋಟಿನಲ್ಲಿ ಕಾಣುತ್ತದೆ. ಸಿಡಿ ಅಥವಾ ಎಲ್‌ಪಿ ಕವರ್ ಅಚ್ಚು ಹಾಕುವವರಿಗೆ ಈ ಉಪಾಯ ತುಂಬಾ ಉಪಯೋಗಕ್ಕೆ ಬರುತ್ತದೆ.

ಶಿರಸಿಯವರಿಗೆ ಹತ್ತಿರದಲ್ಲೇ ಇನ್ನೊಂದು ಪಾಠಶಾಲೆ ಇದೆ. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ ಬನ್ನಿ. ಒಂದೇ ಕೆಮ್ಮಣ್ಣಿನ ಬಣ್ಣ, ಕೆರೆದು ತೆಗೆದ ಬಿಳಿ ಗೆರೆ. ನೋಟಿನ ಕೊರೆತವೂ ಇದೂ ಒಂದೇ ಬಗೆಯಲ್ಲಿ ಯೋಚನೆ ಮಾಡುತ್ತವೆ. ಎರಡನ್ನೂ ನೋಡಿದವರ ಗೆರೆಯಲ್ಲಿ ವ್ಯತ್ಯಾಸ ಕಾಣುತ್ತದೆ.

ಹಂತ 6: ಸ್ಕ್ಯಾನರ್ ಬದಿಗಿಟ್ಟು ಕೈಯಲ್ಲಿ ಎಳೆಯುವುದು

ಸ್ಕ್ಯಾನರ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರನ್ನೂ ನೋಡಿದ್ದೇನೆ. ಅದು ಕೆಟ್ಟಿಲ್ಲ. ಯೂರೋ ಸೇರಿ ಹಲವು ದೇಶಗಳ ನೋಟಿನಲ್ಲಿ ಐದು ಸಣ್ಣ ಉಂಗುರಗಳ ಒಂದು ಜೋಡಣೆ ಇರುತ್ತದೆ. ಅದನ್ನು ಕಂಡ ಕೂಡಲೇ ಬಣ್ಣದ ಕಾಪಿಯರ್ ನಿಲ್ಲುತ್ತದೆ. ಫೋಟೋಶಾಪ್ ಕೂಡ ನೋಟಿನ ಚಿತ್ರ ಗುರುತಿಸಿ ತೆರೆಯಲು ಒಪ್ಪುವುದಿಲ್ಲ. ಇದನ್ನು ತಪ್ಪಿಸುವ ದಾರಿ ಹುಡುಕಬೇಡಿ. ಲೂಪ್ ಮುಂದೆ ಫೋನ್ ಹಿಡಿದು ಬೆರಳುಗುರಿನಷ್ಟು ಜಾಗದ ಫೋಟೋ ತೆಗೆದುಕೊಳ್ಳಿ, ನೋಡಿ ಬರೆಯಲು ಅಷ್ಟು ಸಾಕು.

ಬಟರ್ ಪೇಪರನ್ನು ನೋಟಿನ ಮೇಲಿಟ್ಟು ಒತ್ತಿ ಎಳೆಯಬೇಡಿ, ಪೆನ್ನಿನ ಗುರುತು ನೋಟಿನ ಮೇಲೆ ಬೀಳುತ್ತದೆ. ನೋಟು ಪಕ್ಕದಲ್ಲಿಟ್ಟು ನೋಡಿಕೊಂಡು, ಹತ್ತು ಪಟ್ಟು ದೊಡ್ಡದಾಗಿ ನೋಟ್‌ಬುಕ್ಕಿನಲ್ಲಿ ಎಳೆಯಿರಿ. ಆಮೇಲೆ ನೋಟು ಡಬ್ಬಿಗೆ ಸೇರಿಸಿ. ಬಟರ್ ಪೇಪರ್ ಇರುವುದು ನಿಮ್ಮದೇ ಚಿತ್ರವನ್ನು ಮತ್ತೆ ಮತ್ತೆ ತಿದ್ದಲು. ಮೂರನೇ ಸಲ ತಿದ್ದುವಾಗ ನೋಟಿನ ಹಡಗು ಹೋಗಿ ನಮ್ಮ ಬಂದರಿನ ಮಚವೆ ಬಂದಿರಬೇಕು.

ಇನ್ನು ನೋಟಿನ ಸುತ್ತು ಬಳ್ಳಿಯಂಥ ಹೂವು. ಇದಕ್ಕೆ ಗಿಯೋಶೆ ಅನ್ನುತ್ತಾರೆ. ಇಂಕ್‌ಸ್ಕೇಪಿನಲ್ಲಿ ಎಕ್ಸ್‌ಟೆನ್ಷನ್ಸ್, ಅದರೊಳಗೆ ರೆಂಡರ್, ಅದರೊಳಗೆ ಸ್ಪೈರೋಗ್ರಾಫ್ ತೆರೆಯಿರಿ. ಹೊರ ಉಂಗುರ, ಒಳ ಗಾಲಿ, ಪೆನ್ನಿನ ದೂರ ಅಂತ ಮೂರು ಅಳತೆ ಕೇಳುತ್ತದೆ. ಗಾಲಿ ಉಂಗುರದ ಒಳಗೆ ಉರುಳುವ ಆಯ್ಕೆ ಹಾಕಿ. ಉಂಗುರದ ಅಳತೆಯನ್ನು, ಉಂಗುರ ಮತ್ತು ಗಾಲಿಯ ಮಹತ್ತಮ ಸಾಮಾನ್ಯ ಭಾಜಕದಿಂದ ಭಾಗಿಸಿದರೆ ಎಸಳಿನ ಲೆಕ್ಕ ಸಿಗುತ್ತದೆ. ಉಂಗುರ 70, ಗಾಲಿ 30 ಇಟ್ಟರೆ ಭಾಜಕ 10, ಎಸಳು 7. ತ್ರಿವುಡೆಗೆ ಸರಿಯಾಯಿತು. ರೂಪಕದ 6ಕ್ಕೆ ಉಂಗುರ 60, ಗಾಲಿ 50 ಇಡಿ. ಪೆನ್ನಿನ ದೂರವನ್ನು 20, 23, 26 ಹೀಗೆ ಬದಲಿಸಿ ನಾಲ್ಕೈದು ಹೂವು ಒಂದರ ಮೇಲೊಂದು ಇಟ್ಟರೆ ನೋಟಿನಂಥದ್ದೇ ನೇಯ್ಗೆ ಬರುತ್ತದೆ. ಹಾಡಿನ ತಾಳ ಹೀಗೆ ಚಿತ್ರದೊಳಗೆ ಕೂತಾಗ ನನಗಾಗುವ ಸಂತೋಷ ಬೇರೆ ಯಾವ ಹಂತದಲ್ಲೂ ಆಗುವುದಿಲ್ಲ.

ಇಲ್ಲಿ ಆಗುವ ತಪ್ಪು, ಸುಮ್ನೆ ಗೆರೆ ಹೆಚ್ಚಿಸುತ್ತಾ ಹೋಗುವುದು. ಎಸಳುಗಳ ನಡುವೆ ಬಿಳಿ ಕಾಣದೆ ಹೋದರೆ ಎರಡು ಪದರ ತೆಗೆಯಿರಿ.

ಹಂತ 7: ಉದ್ದನೆ ನೋಟು, ಚೌಕದ ಕವರ್

20 ಯೂರೋ ನೋಟು 133 ಮಿಲಿಮೀಟರ್ ಉದ್ದ, 72 ಅಗಲ. ಕವರ್ ಚೌಕ, ಸಾಮಾನ್ಯವಾಗಿ 3000ಕ್ಕೆ 3000 ಪಿಕ್ಸೆಲ್. ನೋಟಿನ ಇಡೀ ವಿನ್ಯಾಸವನ್ನು ಚೌಕಕ್ಕೆ ತುರುಕಿದರೆ ಮೇಲೂ ಕೆಳಗೂ ಬೋಳು ಪಟ್ಟಿ ಉಳಿಯುತ್ತದೆ. ನೋಟಿನ ಒಂದು ಮೂಲೆಯ ತರ್ಕವನ್ನಷ್ಟೇ ತೆಗೆದುಕೊಳ್ಳಿ: ಒಂದು ವಸ್ತು, ಒಂದು ಹೂವು, ಒಂದು ಖಾಲಿ ಜಾಗ.

ಬೂದು ಮುದ್ದೆಯ ಲೆಕ್ಕ ಇಲ್ಲಿದೆ. ಫೋನಿನ ಪಟ್ಟಿಯಲ್ಲಿ ಕವರ್ ಸುಮಾರು 300 ಪಿಕ್ಸೆಲ್ಲಿಗೆ ಇಳಿಯುತ್ತದೆ ಅಂದುಕೊಳ್ಳಿ. ಅಂದರೆ ಹತ್ತರಲ್ಲಿ ಒಂದು. ನೀವು 3 ಪಿಕ್ಸೆಲ್ ದಪ್ಪ ಎಳೆದ ಗೆರೆ ಅಲ್ಲಿ ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ, ಪಕ್ಕದ ಬಿಳಿಯ ಜೊತೆ ಕಲಸಿ ಬೂದು ಆಗುತ್ತದೆ. ಮುಖ್ಯ ವಸ್ತುವಿನ ಹೊರಗೆರೆ 20 ಪಿಕ್ಸೆಲ್ಲಿಗೆ ಕಡಿಮೆ ಬೇಡ. ಒಳಗೆರೆ 10. ಅದಕ್ಕಿಂತ ತೆಳ್ಳಗಿನದು ಹಿನ್ನೆಲೆಗೆ ಮಾತ್ರ, ಅದು ಬೂದಾಗಿ ಕಂಡರೂ ಚಿತ್ರ ಕೆಡಬಾರದು. ಸಣ್ಣದು ಮಾಡಿದಾಗ ನೀರಿನ ಅಲೆಯಂಥ ಪಟ್ಟೆ ಎದ್ದರೆ ಗೆರೆಗಳ ನಡುವಿನ ಅಂತರ ಹೆಚ್ಚಿಸಿ.

ಹಂತ 8: ಬಣ್ಣ

ಮೂರು ಶಾಯಿ, ಜಾಸ್ತಿ ಬೇಡ. ನೋಟಿನಲ್ಲಿ ಒಂದೇ ಗೆರೆ ಹಸಿರಾಗಿ ಶುರುವಾಗಿ, ಎಲ್ಲೂ ತುಂಡಾಗದೆ, ಕಂದಾಗಿ ಮುಗಿಯುತ್ತದೆ. ಇಂಕ್‌ಸ್ಕೇಪಿನಲ್ಲಿ ಗೆರೆಗೇ ಗ್ರೇಡಿಯೆಂಟ್ ಹಾಕಿದರೆ ಅದು ಬರುತ್ತದೆ. ಮಚವೆಯ ಕವರಿಗೆ ನಾನು ಹಾಕಿದ್ದು ಚಿರೇಕಲ್ಲಿನ ಕೆಂಪು, ಕಾಳಿ ನದಿಯ ಮಳೆಗಾಲದ ಹಸಿರುಕಂದು, ಹಿಂದೆ ಸುಣ್ಣದ ಬಿಳಿ.

ಹಂತ 9: ಹೊರಗೆ ಬಿಡುವ ಮೊದಲು

ನೋಟನ್ನೇ ಹೋಲುವ ಯಾವುದನ್ನೂ ಅಚ್ಚು ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 182ನೇ ಕಲಮಿನಲ್ಲಿ ಅದು ಅಪರಾಧ, ವಿದೇಶಿ ನೋಟಿಗೂ ಅನ್ವಯಿಸುತ್ತದೆ. ಕಾರ್ಯಕ್ರಮದಲ್ಲಿ ಹಂಚಲು ನೋಟಿನ ಅಳತೆಯ ಕರಪತ್ರ ಮಾಡುವ ಯೋಚನೆ ಹಲವರಿಗೆ ಬರುತ್ತದೆ, ದಯವಿಟ್ಟು ಅದನ್ನು ಕೈಬಿಡಿ. ವಿನ್ಯಾಸದ ಹಕ್ಕೂ ಇದೆ. ಯೂರೋ ನೋಟಿನ ಹಕ್ಕು ಯುರೋಪಿನ ಕೇಂದ್ರ ಬ್ಯಾಂಕಿನದು. ದೊರೆಗಳ, ನಾಯಕರ ಮುಖ, ಸಂಖ್ಯೆ, ಬ್ಯಾಂಕಿನ ಹೆಸರು, ಸಹಿ, ಲಾಂಛನ ಯಾವುದೂ ನಿಮ್ಮ ಕವರಿನಲ್ಲಿ ಇರಬಾರದು. ನಮ್ಮವರು ಆ ದೇಶಗಳಲ್ಲಿ ಕೆಲಸ ಮಾಡುತ್ತಿದ್ದಾರೆ ಅನ್ನುವುದೂ ನೆನಪಿರಲಿ.

ನೋಟ್‌ಬುಕ್ಕಿನ ಪುಟಗಳಿಗೆ ತಾರೀಖು ಹಾಕಿ ಫೋಟೋ ತೆಗೆದಿಡಿ. ಹಾಡು ಹಂಚುವ ಸಂಸ್ಥೆ ಚಿತ್ರ ನಿಮ್ಮದೇನಾ ಅಂತ ಕೇಳಿದರೆ ತೋರಿಸಲು ಬೇಕಾಗುತ್ತದೆ.

ಕಡೆಗೆ ಕವರನ್ನು ಬೆರಳ ತುದಿಯಷ್ಟು ಸಣ್ಣದು ಮಾಡಿ ಫೋನಿನಲ್ಲಿ ತೆರೆದು, ಅಡುಗೆಮನೆ ಬಾಗಿಲಲ್ಲಿ ನಿಂತು ಮನೆಯವರಿಗೆ ತೋರಿಸಿ. ಏನೂ ಹೇಳಬೇಡಿ. ಅಮ್ಮ ನನಗೆ ಮೊದಲ ಸಲ "ಎಂತದು, ಜಾಲರಿಯಾ?" ಅಂದರು. ಹೊರಗೆರೆ 12 ಪಿಕ್ಸೆಲ್ ಇತ್ತು. 24 ಮಾಡಿ ಮತ್ತೆ ತೋರಿಸಿದೆ. "ಮಚವೆ" ಅಂದರು. ಅವತ್ತು ರಾತ್ರಿ ಫೈಲ್ ಕಳಿಸಿದೆ.